ಎಸ್ ಕಾರ್ಪ್ ಮಾಡಿಸಬಹುದೇ? ಅಪ್ಪನಿಗೂ ಪಾಲು ಕೊಡಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾವಿರುವುದು ಟೆಕ್ಸಾಸ್‌ನ ಅರ್ವಿಂಗ್‌ನಲ್ಲಿ. ನಾನು ಎಚ್-4 ಇಎಡಿ (ಯಜಮಾನರ ವೀಸಾ ಆಧಾರದಲ್ಲಿ ಬಂದವರಿಗೆ ಸಿಗುವ ಕೆಲಸದ ಪರವಾನಗಿ) ಮೇಲೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ನನ್ನೊಬ್ಬಳದೇ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ). ಖರ್ಚು ಕಳೆದು ವರ್ಷಕ್ಕೆ 1,10,000 ಡಾಲರ್ ಉಳಿಯುತ್ತದೆ. ಅದನ್ನು ಎಸ್ ಕಾರ್ಪ್ (ಲಾಭದ ತೆರಿಗೆಯನ್ನು ಕಂಪನಿಯ ಬದಲು ಮಾಲೀಕರೇ ಕಟ್ಟುವ ಒಂದು ಬಗೆಯ ಕಾರ್ಪೊರೇಷನ್) ಮಾಡಿಸಿದರೆ ತೆರಿಗೆ ತುಂಬಾ ಉಳಿಯುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಶುರುವಿನಲ್ಲಿ ದಾವಣಗೆರೆಯಿಂದ ಅಪ್ಪ 20,000 ಡಾಲರ್ ಕಳಿಸಿದ್ದರು. ಅವರಿಗೆ 10% ಪಾಲು ಬರೆದುಕೊಡುವ ಆಸೆ. ಇನ್ನೆರಡು ವರ್ಷಕ್ಕೆ ಊರಿಗೆ ವಾಪಸ್ ಹೋಗುವ ಯೋಚನೆಯೂ ಇದೆ.

ಉತ್ತರ (ಸಿಪಿಎ, ಅಂದರೆ ಅಮೆರಿಕದ ಲೆಕ್ಕಪರಿಶೋಧಕರು): ಮೇಡಂ, ಮೊದಲು ಅಪ್ಪನ ವಿಷಯ. ಆಗುವುದಿಲ್ಲ. ಅಮೆರಿಕದ ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾದವರು ಎಸ್ ಕಾರ್ಪ್‌ನಲ್ಲಿ ಒಂದು ಷೇರು ಕೂಡ ಇಟ್ಟುಕೊಳ್ಳುವಂತಿಲ್ಲ. 10% ಅಲ್ಲ, 1% ಕೊಟ್ಟರೂ ಎಸ್ ಸ್ಥಾನಮಾನ ಬಿದ್ದುಹೋಗುತ್ತದೆ. ಅವರು ಕೊಟ್ಟದ್ದು ಮಗಳಿಗೆ ಉಡುಗೊರೆ ಅಂತಾದರೆ ಅಲ್ಲಿಗೆ ಮುಗಿಯಿತು. ವಿದೇಶದಲ್ಲಿರುವವರ ಉಡುಗೊರೆ ವರ್ಷಕ್ಕೆ 1,00,000 ಡಾಲರ್ ದಾಟಿದರೆ ಮಾತ್ರ ಅಮೆರಿಕದ ತೆರಿಗೆ ಇಲಾಖೆಗೆ (ಐಆರ್‌ಎಸ್) ಫಾರ್ಮ್ 3520 ತುಂಬಿ ತಿಳಿಸಬೇಕು.

ಇನ್ನು ಉಳಿತಾಯ. ಈಗ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಸೇರಿ 15.3% ದರದಲ್ಲಿ ನೀವು ಸುಮಾರು 15,500 ಡಾಲರ್ ಸ್ವಯಂ ಉದ್ಯೋಗ ತೆರಿಗೆ ಕಟ್ಟುತ್ತಿದ್ದೀರಿ. ಎಸ್ ಕಾರ್ಪ್ ಆದರೆ ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಬೇಕು. 60,000 ಅಂತಿಟ್ಟುಕೊಳ್ಳಿ. ಆ ತೆರಿಗೆ ಅಷ್ಟಕ್ಕೆ ಮಾತ್ರ, 9,180 ಡಾಲರ್. ಉಳಿದ ಲಾಭಕ್ಕೆ ಅದಿಲ್ಲ. 6,300 ಉಳಿಯಿತು ಅಂತ ಎಲ್ಲರೂ ಕುಣಿಯುವುದು ಇಲ್ಲೇ.

ಮುಂದಿನದನ್ನು ಯಾರೂ ಹೇಳುವುದಿಲ್ಲ. ಸಣ್ಣ ವ್ಯವಹಾರದ ಆದಾಯಕ್ಕೆ ಸಿಗುವ 20% ಕಡಿತ ನಿಮ್ಮ ಸಂಬಳಕ್ಕೆ ಸಿಗುವುದಿಲ್ಲ. ಈಗ ಸುಮಾರು 20,400 ಕಡಿತ ಸಿಗುತ್ತಿದೆ. ಆಗ ಅದು 9,000ಕ್ಕೆ ಇಳಿಯುತ್ತದೆ. ಸ್ವಯಂ ಉದ್ಯೋಗ ತೆರಿಗೆಯ ಅರ್ಧ ಭಾಗಕ್ಕೆ ಸಿಗುವ ವಿನಾಯಿತಿಯೂ ಕಡಿಮೆಯಾಗುತ್ತದೆ. ಯಜಮಾನರ ಸಂಬಳ ಸೇರಿಸಿ ನೀವು 22% ಸ್ಲ್ಯಾಬ್‌ನಲ್ಲಿದ್ದರೆ ಆದಾಯ ತೆರಿಗೆ 3,200ರಷ್ಟು ಏರುತ್ತದೆ. ಕೈಗುಳಿಯುವುದು 3,000 ಚಿಲ್ಲರೆ. ಅದರಲ್ಲೇ ಪೇರೋಲ್ (ಸಂಬಳದ ಲೆಕ್ಕ) ಖರ್ಚು, ಎಸ್ ಕಾರ್ಪ್‌ನದೇ ಪ್ರತ್ಯೇಕ ತೆರಿಗೆ ರಿಟರ್ನ್ (ಫಾರ್ಮ್ 1120-ಎಸ್) ಖರ್ಚು ಹೋಗಬೇಕು. ನನ್ನ ಫೀಸೂ ಅದರಲ್ಲೇ, ಹೇಳಿಬಿಡುತ್ತೇನೆ! ಆ ರಿಟರ್ನ್‌ಗೆ ಕೊನೆಯ ದಿನ ಏಪ್ರಿಲ್ 15 ಅಲ್ಲ, ಮಾರ್ಚ್ 15.

ಇನ್ನೊಬ್ಬರು: ಸರ್, ನನ್ನ ಸ್ನೇಹಿತ ಬರೀ 18,000 ಸಂಬಳ ತೋರಿಸಿ ಉಳಿದದ್ದನ್ನೆಲ್ಲ ಲಾಭಾಂಶ ಅಂತ ತೆಗೆಯುತ್ತಾನೆ. ಹಾಗೆ ಮಾಡಿದರೆ ಜಾಸ್ತಿ ಉಳಿಯುತ್ತೆ ಅಲ್ವಾ?

ಉತ್ತರ: ಸಿಕ್ಕಿಬೀಳುವ ತನಕ ಉಳಿಯುತ್ತದೆ. ಅಯೋವಾ ರಾಜ್ಯದ ಡೇವಿಡ್ ವಾಟ್ಸನ್ ಅನ್ನುವವರ ಕೇಸು ನೋಡಿ. ಅವರೇ ಲೆಕ್ಕಪರಿಶೋಧಕರು! ಸಂಬಳ 24,000 ತೋರಿಸಿ 2002ರಲ್ಲಿ ಸುಮಾರು 2 ಲಕ್ಷ ಡಾಲರ್ ಲಾಭವಾಗಿ ತೆಗೆದಿದ್ದರು. ಅವರ ಕೆಲಸಕ್ಕೆ 91,044 ಡಾಲರ್ ಸಂಬಳ ನ್ಯಾಯ ಅಂತ ಕೋರ್ಟ್ ಹೇಳಿತು. 2012ರಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು. ಬಾಕಿ ತೆರಿಗೆ, ಬಡ್ಡಿ, ದಂಡ ಎಲ್ಲ ಕಟ್ಟಬೇಕಾಯಿತು. ನಿಮ್ಮ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡರೆ ಎಷ್ಟು ಕೊಡುತ್ತೀರಿ? ಐಆರ್‌ಎಸ್ ಕೇಳುವುದು ಅದನ್ನೇ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಊರಿಗೆ ಹೋದರೆ ಏನಾಗುತ್ತದೆ ಅಂತ ಹೇಳಲಿಲ್ಲ.

ಉತ್ತರ: ಹೌದು, ಮರೆತೇಬಿಟ್ಟೆ. ಅಪ್ಪನಿಗಿರುವ ನಿಯಮ ಅವತ್ತು ನಿಮಗೂ ಬರುತ್ತದೆ. ನೀವು ಅನಿವಾಸಿಯಾದ ದಿನವೇ ಎಸ್ ಸ್ಥಾನಮಾನ ಹೋಗಿ ಸಿ ಕಾರ್ಪ್ (ತಾನೇ ತೆರಿಗೆ ಕಟ್ಟುವ ಮಾಮೂಲಿ ಕಾರ್ಪೊರೇಷನ್) ಆಗುತ್ತದೆ. ಕಂಪನಿಯ ಲಾಭಕ್ಕೆ 21% ತೆರಿಗೆ, ಆ ದುಡ್ಡನ್ನು ನೀವು ತೆಗೆದಾಗ ಡಿವಿಡೆಂಡ್ ಮೇಲೆ ಮತ್ತೆ ತೆರಿಗೆ. ಹಳೆಯ ಎಲ್‌ಎಲ್‌ಸಿಯಂತೆ ಮಾಡಲು ಹೋದರೆ ಕಂಪನಿ ಮುಚ್ಚಿದಂತೆ ಲೆಕ್ಕ ಹಾಕುತ್ತಾರೆ. ಎರಡು ವರ್ಷದ ಮಾತಾದರೆ ಈಗಿರುವಂತೆಯೇ ಇರಲಿ ಮೇಡಂ. ಊರಿಗೆ ಹೋಗುವ ಮನಸ್ಸು ಬದಲಾಗಿ, ಲಾಭವೂ ಇನ್ನಷ್ಟು ಏರಿದರೆ, ಆ ವರ್ಷದ ಮಾರ್ಚ್ 15ರೊಳಗೆ ಎಸ್ ಕಾರ್ಪ್ ಆಗಲು ಫಾರ್ಮ್ 2553 ಕೊಟ್ಟರಾಯಿತು. ಟೆಕ್ಸಾಸ್‌ನಲ್ಲಿ ಗಂಡ ಹೆಂಡತಿಯ ಗಳಿಕೆ ಜಂಟಿ ಆಸ್ತಿ. ಆದ್ದರಿಂದ ಯಜಮಾನರ ಸಹಿಯೂ ಬೇಕು.