ಕಲೆಯ ಕೃಷಿ

ಸೀನುವಿನ ನಡುಮನೆಯಲ್ಲಿ ಟೀವಿ ಇದ್ದ ಜಾಗಕ್ಕೆ ಈಗ 200 ಲೀಟರಿನ ಗಾಜಿನ ತೊಟ್ಟಿ ಬಂದಿದೆ. ಅದರೊಳಗೆ ಕಡಲಿನ ಎರಡು ಮೀನುಗಳು, ಒಂದು ಬಸವನಹುಳು, ಹತ್ತು ಹನ್ನೆರಡು ಕಲ್ಲುಗಳು ಮತ್ತು ಸೀನುವಿನ ಎರಡು ತಿಂಗಳ ಸಂಬಳ ಮುಳುಗಿವೆ. ಭಾನುವಾರ ಸಂಜೆ ನಾವೆಲ್ಲ ಕಾಫಿಗೆಂದು ಹೋದಾಗ ಅವನು ಟಾರ್ಚು ಹಿಡಿದು ತೊಟ್ಟಿಯ ಮುಂದೆ ಮಂಡಿಯೂರಿದ್ದ.

“ಮೀನು ಹೋಯಿತೇ?” ಎಂದು ಮೇಷ್ಟ್ರು, ಸಂತಾಪಕ್ಕೆ ಬೇಕಾದ ಧ್ವನಿಯನ್ನು ಮೊದಲೇ ಸಿದ್ಧಮಾಡಿಕೊಂಡು ವಿಚಾರಿಸಿದರು.

“ಮೀನಿನ ಚಿಂತೆಯಲ್ಲ ಮೇಷ್ಟ್ರೇ. ಕೋರಲೈನ್ ಪಾಚಿ ಬಂದಿದೆಯೇ ಎಂದು ನೋಡುತ್ತಿದ್ದೇನೆ. ನಾಲ್ಕು ತಿಂಗಳಾಯಿತು, ಕಲ್ಲಿನ ಮೇಲೆ ಒಂದು ಚುಕ್ಕೆಯೂ ಕಾಣಿಸಲಿಲ್ಲ.”

“ಪಾಚಿ ಬರಲಿಲ್ಲವೆಂದು ಕೊರಗುವ ಮನುಷ್ಯನನ್ನು ನಾನು ಈ ವಯಸ್ಸಿನಲ್ಲಿ ನೋಡಬೇಕಾಯಿತು. ನಮ್ಮ ಬಚ್ಚಲಿನ ಹಿಂದೆ ಅದು ಕರೆಯದೆಯೇ ಬಂದು, ಹೋದ ಮಳೆಗಾಲದಲ್ಲಿ ನನ್ನ ಸೊಂಟವನ್ನು ಉಳುಕಿಸಿ, ಈಗಲೂ ಅಲ್ಲಿಯೇ ಹಾಯಾಗಿದೆ. ಬೇಕಾದರೆ ಒಂದು ಬಕೆಟ್ಟು ಕೆರೆದು ಕಳುಹಿಸುತ್ತೇನೆ.”

“ಅದು ಹಸಿರು ಪಾಚಿ. ಇದು ಕೆಂಪು ಪಾಚಿಗಳ ಕುಲಕ್ಕೆ ಸೇರಿದ್ದು. ನೀರಿನಲ್ಲಿರುವ ಸುಣ್ಣದ ಅಂಶವನ್ನು ತನ್ನ ಜೀವಕೋಶಗಳ ಗೋಡೆಯಲ್ಲಿ ತುಂಬಿಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಲ್ಲು, ಗಾಜು, ಪಂಪು ಎಲ್ಲವನ್ನೂ ಗುಲಾಬಿ ಮತ್ತು ನೇರಳೆ ಬಣ್ಣದ ಹೊದಿಕೆಯಾಗಿ ಆವರಿಸಿತೆಂದರೆ ತೊಟ್ಟಿ ಪಳಗಿತೆಂದು ಅರ್ಥ. ಅದು ಹಿಡಿದ ಜಾಗದಲ್ಲಿ ಬೇಡದ ಪಾಚಿಗೆ ಬೇರೂರುವುದು ಕಷ್ಟ.”

ಮೇಷ್ಟ್ರು ಎಲೆಅಡಿಕೆಯ ಪೆಟ್ಟಿಗೆಯನ್ನು ತೆರೆದು ಸ್ವಲ್ಪ ಹೊತ್ತು ಯೋಚಿಸಿದರು. “ಅಂದರೆ ಸುಣ್ಣ ಬೇಕು, ಕೆಂಪು ಬೇಕು, ಗೋಡೆಗೆ ಅಂಟಿ ಗಟ್ಟಿಯಾಗಬೇಕು, ಉಜ್ಜಿದರೂ ಹೋಗಬಾರದು. ಅಯ್ಯಾ ಸೀನು, ಸರ್ಕಾರಿ ಕಟ್ಟಡಗಳ ಮೆಟ್ಟಿಲಿನ ಮೂಲೆಗಳಲ್ಲಿ ನಮ್ಮ ಜನ ಮೂರು ತಲೆಮಾರುಗಳಿಂದ ಇದನ್ನು ಬಾಯಿಯಿಂದಲೇ ಬೆಳೆಸಿಕೊಂಡು ಬಂದಿದ್ದಾರೆ. ಅವರಾರೂ ನಿನ್ನಂತೆ ನೀಲಿ ದೀಪಕ್ಕೆ ಹಣ ಸುರಿಯಲಿಲ್ಲ.”

ಕಾಫಿ ತಂದ ಕಮಲಮ್ಮನವರಿಗೆ ಈ ಮಾತು ಬಹಳ ದಿನಗಳ ಕಟ್ಟೆಯನ್ನು ಒಡೆದಂತಾಯಿತು. “ಬೋರ್‌ವೆಲ್ ನೀರಿಗೆ ಬಚ್ಚಲುಮನೆಯ ನಲ್ಲಿ, ಬಕೆಟ್ಟು, ಗೀಸರು ಎಲ್ಲವೂ ಬಿಳಿಯ ಕಲೆ ಕಟ್ಟಿವೆ. ನಿಂಬೆಹುಳಿ ಹಚ್ಚಿ ಉಜ್ಜಿ ಉಜ್ಜಿ ನನ್ನ ಉಗುರುಗಳು ಸವೆದಿವೆ. ಇವರು ಅದೇ ಸುಣ್ಣವನ್ನು ಡಬ್ಬಿಯಲ್ಲಿ ಕೊಂಡು ತಂದು ಇಲ್ಲಿ ಸುರಿಯುತ್ತಾರೆ. ಒಂದು ಕೋಣೆಯಲ್ಲಿ ಕಲೆ ತೆಗೆಯುವುದಕ್ಕೆ ಖರ್ಚು, ಇನ್ನೊಂದು ಕೋಣೆಯಲ್ಲಿ ಕಲೆ ಬರಿಸುವುದಕ್ಕೆ ಖರ್ಚು!”

“ತಾಯಿ, ನಿಮ್ಮದು ಬರಿಯ ಕಲೆ, ಅವನದು ಲಲಿತಕಲೆ” ಎಂದರು ಮೇಷ್ಟ್ರು.

ಸೀನು ಇಂಥ ಮಾತುಗಳಿಗೆ ಬಗ್ಗುವವನಲ್ಲ. ದಪ್ಪನೆಯ ನೋಟುಪುಸ್ತಕವನ್ನು ತೆರೆದು ವರದಿ ಒಪ್ಪಿಸತೊಡಗಿದ. ಉಪ್ಪು ಲೀಟರಿಗೆ 35 ಗ್ರಾಂ, ಉಷ್ಣತೆ 25 ಡಿಗ್ರಿ, ಕ್ಯಾಲ್ಸಿಯಂ 420 ಪಿಪಿಎಂ, ಮೆಗ್ನೀಸಿಯಂ 1300, ಹುಳಿಯನ್ನು ತಡೆದುಕೊಳ್ಳುವ ಶಕ್ತಿ, ಅಂದರೆ ಅಲ್ಕಲಿನಿಟಿ, ಡಿಕೆಎಚ್ ಎಂಬ ಅಳತೆಯಲ್ಲಿ 8. ಮೆಗ್ನೀಸಿಯಂ ಇಳಿದರೆ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟುಗಳು ತಮ್ಮತಮ್ಮೊಳಗೇ ಗಂಟುಹಾಕಿಕೊಂಡು ಹೀಟರಿನ ಮೇಲೆ ಬಿಳಿಯ ಗಸಿಯಾಗಿ ಕುಳಿತುಬಿಡುತ್ತವೆ, ಪಾಚಿಯ ಪಾಲಿಗೆ ಉಳಿಯುವುದಿಲ್ಲ; ಫಾಸ್ಫೇಟು ಏರಿದರೆ ಸುಣ್ಣ ಕಟ್ಟುವ ಕೆಲಸವೇ ಕುಂಠಿತವಾಗಿ, ಕರೆಯದ ಹಸಿರು ಪಾಚಿ ಮೊದಲ ಪಂಕ್ತಿಯಲ್ಲಿಯೇ ಎಲೆ ಹಾಕಿಕೊಂಡು ಕೂರುತ್ತದೆ.

“ಇದನ್ನೆಲ್ಲ ಎಷ್ಟು ದಿನಕ್ಕೊಮ್ಮೆ ಅಳೆಯುತ್ತೀಯೆ?”

“ಗುರುವಾರ ಮತ್ತು ಭಾನುವಾರ, ತಪ್ಪದೆ.”

“ನಿನ್ನ ಸಕ್ಕರೆಯನ್ನು ಅಳೆಸಿ ಎಷ್ಟು ದಿನವಾಯಿತು?”

ಸೀನು ಕಾಫಿಗೆ ಎರಡನೆಯ ಚಮಚ ಸಕ್ಕರೆ ಹಾಕುತ್ತಿದ್ದವನು ಕೈ ತಡೆದ. “ಎರಡು ವರ್ಷ” ಎಂದು ಉತ್ತರ ಒಳಗಿನಿಂದ ಬಂತು.

ಮಾತು ಬದಲಿಸುವ ಅವಸರದಲ್ಲಿ ಅವನು ಜರ್ಮನಿಗೆ ಹೋದ. ಆವಿಯಾದಷ್ಟು ನೀರಿಗೆ ಬದಲಾಗಿ ರಾತ್ರಿಯ ಹೊತ್ತು ಹನಿಹನಿಯಾಗಿ ‘ಕಾಲ್ಕ್‌ವಾಸರ್’ ಬಿಡುತ್ತಾನಂತೆ. ಕಾಲ್ಕ್ ಎಂದರೇನೆಂದು ವೆಂಕಣ್ಣ ಕೇಳಿದ್ದಕ್ಕೆ ಸುಣ್ಣವೆಂದೂ, ವಾಸರ್ ಎಂದರೇನೆಂದು ಕೇಳಿದ್ದಕ್ಕೆ ನೀರೆಂದೂ ಹೇಳಬೇಕಾಗಿ ಬಂದಾಗ ಅವನ ಮುಖ ಸ್ವಲ್ಪ ಬಾಡಿತು.

“ಸುಣ್ಣದ ತಿಳಿನೀರು!” ಎಂದು ಮೇಷ್ಟ್ರು ತಮ್ಮ ಸುಣ್ಣದ ಡಬ್ಬಿಯನ್ನು ಮೇಲೆತ್ತಿದರು. “ಅದನ್ನು ರಾತ್ರಿಯೇ ಏಕೆ ಬಿಡಬೇಕು?”

“ಬೆಳಕಿಲ್ಲದಾಗ ಜೀವಿಗಳೆಲ್ಲ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಬಿಡುವುದರಿಂದ ನೀರು ಹುಳಿಯ ಕಡೆಗೆ ವಾಲಿ ಅದರ ಪಿಎಚ್ ಇಳಿಯುತ್ತದೆ. ಸುಣ್ಣದ ನೀರಿನದು 12ರ ಆಸುಪಾಸಿನಲ್ಲಿರುವುದರಿಂದ ಇಳಿಯುವುದನ್ನು ಹಿಡಿದು ನಿಲ್ಲಿಸುತ್ತದೆ. ಒಮ್ಮೆಗೇ ಸುರಿದರೆ ಮಾತ್ರ ಮೀನುಗಳು ಉಳಿಯುವುದಿಲ್ಲ.”

“ಎಲೆಗೆ ಸುಣ್ಣ ಹೆಚ್ಚಾದರೆ ನಾಲಿಗೆಯ ಗತಿಯೂ ಅದೇ. ತೆಗೆದುಕೋ, ಇದರಲ್ಲಿ ಇನ್ನೂ ಅರ್ಧ ಡಬ್ಬಿ ಇದೆ.”

“ಬೇಡ ಮೇಷ್ಟ್ರೇ, ಶುದ್ಧವಾದದ್ದೇ ಆಗಬೇಕು.”

“ನಲವತ್ತು ವರ್ಷಗಳಿಂದ ನಾನು ತಿನ್ನುತ್ತಿರುವುದು ನಿನ್ನ ಮೀನಿಗೆ ಮೈಲಿಗೆಯಾಯಿತು” ಎಂದು ಅವರು ಡಬ್ಬಿಯನ್ನು ಮುಚ್ಚಿದರು. “ಅದಿರಲಿ, ಬಿತ್ತದೆ ಬೆಳೆ ಬರುವುದೆಂತು? ಬೀಜವೆಲ್ಲಿದೆ?”

ಬೀಜ ಬಸವನಹುಳುವಿನ ಬೆನ್ನ ಮೇಲಿತ್ತು. ಸೀನು ಕೊಂಡದ್ದು ಒಣಕಲ್ಲುಗಳು. ಅವುಗಳಲ್ಲಿ ಜೀವದ ಸುಳಿವಿಲ್ಲ. ಇಂಥ ತೊಟ್ಟಿಗೆ ಹಳೆಯ ತೊಟ್ಟಿಯವರಿಂದ ಪಾಚಿ ಹಿಡಿದ ಒಂದು ಚೂರು ಕಲ್ಲನ್ನು ಬೇಡಿ ತರಬೇಕು, ಇಲ್ಲವೇ ಕೆರೆದ ಪುಡಿಯನ್ನು ಪಂಪಿನ ಎದುರು ಬಿಟ್ಟು ನೀರಿನ ಹರಿವಿನಲ್ಲಿ ಎಲ್ಲೆಡೆಗೂ ಹರಡಬೇಕು. ಜಯನಗರದ ಸ್ನೇಹಿತರೊಬ್ಬರು ಕಲ್ಲು ಕೊಡಲು ಮನಸ್ಸಿಲ್ಲದೆ ಚಿಪ್ಪಿನ ಮೇಲೆ ಪಾಚಿ ಬೆಳೆದಿದ್ದ ಹುಳುವನ್ನು ದಾನ ಮಾಡಿದ್ದರು. ಗುಲಾಬಿ ಪೇಟ ಸುತ್ತಿಕೊಂಡ ಬೀಗರಂತೆ ಅದು ಗಾಜಿನ ಮೇಲೆ ನಿಧಾನವಾಗಿ ಸಾಗುತ್ತಿತ್ತು.

“ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ” ಎಂದರು ಮೇಷ್ಟ್ರು.

“ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರಾಗುತ್ತದೆ” ಎಂದರು ಕಮಲಮ್ಮ.

“ತಾಳ್ಮೆ ಬೇಕು. ಇದನ್ನು ಬಹಳ ಕಾಲ ಪ್ರಾಣಿಯೆಂದೇ ತಿಳಿದಿದ್ದರು. ಜೀವಿಗಳನ್ನು ವಿಂಗಡಿಸಿ ಹೆಸರಿಟ್ಟ ಲಿನ್ನೇಯಸನಂಥವನೂ ಹಾಗೆಯೇ ಎಣಿಸಿದ್ದ. ಸಸ್ಯವೆಂದು ಫಿಲಿಪ್ಪಿ ಎಂಬ ವಿದ್ವಾಂಸ ಗುರುತಿಸಿದ್ದು 1837ರಲ್ಲಿ” ಎಂದ ಸೀನು.

“ಅದರ ಜಾತಿ ತಿಳಿಯುವುದಕ್ಕೇ ಅಷ್ಟು ಕಾಲ ಬೇಕಾಗಿರುವಾಗ, ಮುಖ ತೋರಿಸಲಿಲ್ಲವೆಂದು ನೀನು ನಾಲ್ಕೇ ತಿಂಗಳಿಗೆ ಟಾರ್ಚು ಹಿಡಿದೆಯಲ್ಲ!”

ಅಷ್ಟು ಹೊತ್ತೂ ಬಸವನಹುಳುವಿನ ಬೆನ್ನನ್ನೇ ನೋಡುತ್ತಿದ್ದ ವೆಂಕಣ್ಣ, “ಈ ಬಣ್ಣ ನಮ್ಮ ಕುಮಟೆಯ ಕಡೆ ಇದೆ. ನೀರು ಇಳಿದಾಗ ಬಂಡೆಗಳ ನಡುವಿನ ಹೊಂಡಗಳಲ್ಲಿ ಕಾಣುತ್ತಿತ್ತು. ಒಂದು ಚೀಲ ಕಲ್ಲು ತರಿಸಲೇ?” ಎಂದು ಕೇಳಿದ.

ಸೀನುವಿನ ಕಣ್ಣು ಒಂದು ಕ್ಷಣ ಹೊಳೆದು ಆರಿತು. “ಬೇಡಪ್ಪ. ಆ ಕಲ್ಲಿಗೆ ಹವಳದ ಚೂರು ಅಂಟಿಕೊಂಡಿದ್ದರೆ ಕಥೆ ಮುಗಿಯಿತು. 2001ರಲ್ಲಿ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಗೆ ಸೇರಿಸಿದ್ದಾರೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ.”

“ನಾನು ಹೇಳಿದ್ದು ಬರಿಯ ಕಲ್ಲನ್ನು.”

“ನೀರಿನಲ್ಲಿ ತೇಲಿ ಬರುವ ಹವಳದ ಮರಿಗಳು ಈ ಪಾಚಿಯ ಗುರುತು ಹಿಡಿದೇ ಎಷ್ಟೋ ಕಡೆ ನೆಲೆಯೂರುವುದು. ಬರಿಯ ಕಲ್ಲಿನ ಮೇಲೆ ಅವು ಸುಲಭವಾಗಿ ನಿಲ್ಲುವುದಿಲ್ಲ.”

ವೆಂಕಣ್ಣ ಲೋಟವನ್ನು ಕೆಳಗಿಟ್ಟ. “ಬಂಡೆಯ ಚಿಪ್ಪಿ ಕೀಳುವುದಕ್ಕೆ ಅಮ್ಮ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಹಸಿರಿನ ಮೇಲೆ ಕಾಲಿಡಬೇಡ, ಜಾರುತ್ತದೆ, ಕೆಂಪಿನ ಮೇಲೆ ಹೆಜ್ಜೆ ಇಟ್ಟುಕೊಂಡು ಬಾ ಎನ್ನುತ್ತಿದ್ದಳು. ಅಷ್ಟು ವರ್ಷ ಅದರ ಮೇಲೆಯೇ ನಡೆದೆ. ಅದಕ್ಕೊಂದು ಹೆಸರಿದೆಯೆಂದು ಇವತ್ತು ಗೊತ್ತಾಯಿತು.”

ಮೇಷ್ಟ್ರು ಎಲೆಯ ತೊಟ್ಟನ್ನು ಮುರಿಯುತ್ತ ಸುಮ್ಮನಿದ್ದರು. ಪಂಪಿನ ಸದ್ದು ಮಾತ್ರ ಕೇಳುತ್ತಿತ್ತು.

“ಕೆಂಪು ಎಂದರೆ,” ಎಂದು ಕಮಲಮ್ಮ ಅನುಮಾನಿಸುತ್ತ ಕೇಳಿದರು, “ನೀರಿನಲ್ಲಿ ಕಲಸಿದ ಕುಂಕುಮದ ಚುಕ್ಕೆಯ ಹಾಗೆ, ಉಗುರಿಗೆ ಬಾರದೆ ಸತಾಯಿಸುವಂಥದ್ದೇ?”

ಸೀನು ಎದ್ದು ನಿಂತ.

“ಹಿಂದಿನ ಗಾಜಿನಲ್ಲಿ, ನಿಮ್ಮ ದೀಪ ಸರಿಯಾಗಿ ಬೀಳದ ಮೂಲೆಯಲ್ಲಿ ಏಳೆಂಟು ಇದ್ದವು. ನಾಲ್ಕು ಜನ ಬರುವ ಮನೆ, ಗಲೀಜು ಕಾಣಬಾರದೆಂದು ಬೆಳಿಗ್ಗೆ ಹಳೆಯ ಎಟಿಎಂ ಕಾರ್ಡಿನಿಂದ ಕೆರೆದು ಹಾಕಿದೆ.”

ಸೀನು ಕುಳಿತುಕೊಂಡ. ಕೋಪಗೊಳ್ಳುವುದಕ್ಕೂ ಅವನಲ್ಲಿ ತ್ರಾಣವಿದ್ದಂತೆ ಕಾಣಲಿಲ್ಲ.

“ಏಕಯ್ಯ ಹೀಗೆ ಕುಸಿದೆ?” ಎಂದರು ಮೇಷ್ಟ್ರು. “ಕೆರೆದ ಪುಡಿ ನೀರಿನಲ್ಲಿ ಹರಡಿದರೆ ಎಲ್ಲೆಡೆಯೂ ಹತ್ತುತ್ತದೆಂದು ಈಗ ತಾನೆ ನೀನೇ ಹೇಳಿದೆ. ನಾಲ್ಕು ತಿಂಗಳು ನೀನು ನೋಟುಪುಸ್ತಕದಲ್ಲಿ ಉತ್ತೆ, ಬಿತ್ತನೆಯನ್ನು ಆಕೆ ಬೆಳಗಿನ ಕಸಮುಸುರೆಯ ಜೊತೆಗೆ ಮುಗಿಸಿದ್ದಾಳೆ.”

ಸೀನು ನೋಟುಪುಸ್ತಕವನ್ನು ತೆರೆದು ಆ ದಿನದ ತಾರೀಕನ್ನು ಹುಡುಕತೊಡಗಿದ. ವೆಂಕಣ್ಣ ಅವನ ಪಕ್ಕದಲ್ಲಿದ್ದ ಟಾರ್ಚನ್ನು ತೆಗೆದುಕೊಂಡು, ಯಾರಿಗೂ ಏನೂ ಹೇಳದೆ, ತೊಟ್ಟಿಯ ಕತ್ತಲೆಯ ಮೂಲೆಯ ಮುಂದೆ ಮಂಡಿಯೂರಿದ.