ಹೊಸ ಬೈಕ್, ಮುಳ್ಳಯ್ಯನಗಿರಿ ಏರು, ಎಂಜಿನ್ ವಿಪರೀತ ಬಿಸಿ

ಆಲ್ದೂರು ಸವಾರ:
ಹೊಸದಾಗಿ 350 ಸಿಸಿ ಏರ್‌ಕೂಲ್ಡ್ ಬೈಕ್ ತಗೊಂಡಿದ್ದೇನೆ. ಮೊದಲ ಸರ್ವಿಸ್ ಇನ್ನೂ ಆಗಿಲ್ಲ. ದಿನಾ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋಗಿ ಬರುವಾಗ ಅಷ್ಟೇನೂ ಗೊತ್ತಾಗುವುದಿಲ್ಲ. ಭಾನುವಾರ ಮನೆಯವಳನ್ನು ಕೂರಿಸಿಕೊಂಡು ಮುಳ್ಳಯ್ಯನಗಿರಿಗೆ ಹೊರಟೆ. ಕೈಮರ ಚೆಕ್‌ಪೋಸ್ಟ್ ದಾಟಿದ ಮೇಲೆ ಬರೀ ಟೂರಿಸ್ಟ್ ಗಾಡಿಗಳ ಸಾಲು. ಫಸ್ಟ್ ಗೇರ್, ಅರ್ಧ ಕ್ಲಚ್, ನಿಲ್ಲು, ಹತ್ತು. ಸೀತಾಳಯ್ಯನಗಿರಿ ಬರುವಷ್ಟರಲ್ಲಿ ಬಲಗಾಲು ಪ್ಯಾಂಟಿನೊಳಗೇ ಸುಡುತ್ತಿತ್ತು. ಆಫ್ ಮಾಡಿದ ಮೇಲೂ ಟಿಕ್ ಟಿಕ್ ಅಂತ ಸದ್ದು. "ಇಷ್ಟು ದುಡ್ಡು ಕೊಟ್ಟು ಒಲೆ ತಂದಿದ್ದೀರಾ?" ಅಂದಳು ಇವಳು. ಶೋರೂಮ್‌ಗೆ ಫೋನ್ ಮಾಡಿದರೆ "ಹೊಸದರಲ್ಲಿ ಹಾಗೇ ಸಾರ್" ಅಂತಾರೆ. ನಿಜವಾ?

ಘಾಟಿ ಗಾಡಿ:
ದಪ್ಪ ಆಯಿಲ್ ಹಾಕಿಸಿ, ತಣ್ಣಗಾಗುತ್ತದೆ. ಮೇಲೆ ಹತ್ತಿದ ತಕ್ಷಣ ಒಂದು ಬಾಟಲಿ ನೀರು ಹೊಯ್ದುಬಿಡಿ.

ಹಾಸನದ ಸ್ಪ್ಯಾನರ್:
ಎರಡನ್ನೂ ಮಾಡಬೇಡಿ ಅಣ್ಣ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಆಯಿಲ್ ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡೇ ಇರಲಿ.

ಶೋರೂಮ್‌ನವರು ಹೇಳಿದ್ದು ಅರ್ಧ ನಿಜ. ಹೊಸ ಪಿಸ್ಟನ್ ರಿಂಗ್ ಸಿಲಿಂಡರ್‌ಗೆ ಹೊಂದಿಕೊಳ್ಳುವವರೆಗೆ ಉಜ್ಜಾಟ ಜಾಸ್ತಿ, ಬಿಸಿಯೂ ಜಾಸ್ತಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮ) ಗಾಡಿಗಳ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕನ್ವರ್ಟರ್ ಇದೆ, ಅದೂ ಕೆಂಡದ ಹಾಗೆ ಕಾಯುತ್ತದೆ. ಆ ಟಿಕ್ ಟಿಕ್ ಪೈಪು ತಣಿಯುತ್ತಾ ಕುಗ್ಗುವ ಸದ್ದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಗಿರಿಯ ಮೇಲೆ ಎಷ್ಟು ಚಳಿ ಇದ್ದರೇನು, ಗಾಡಿ ಓಡದಿದ್ದರೆ ಎಂಜಿನ್ ರೆಕ್ಕೆಗಳಿಗೆ ಗಾಳಿ ಸಿಗುವುದಿಲ್ಲ. ಏರ್‌ಕೂಲ್ಡ್ ಅಂದರೆ ಅಷ್ಟೇ ಅಲ್ವಾ. ಸಾಲು ನಿಂತರೆ ಸುಮ್ನೆ ಆಫ್ ಮಾಡಿ. ಅರ್ಧ ಕ್ಲಚ್‌ನಲ್ಲಿ ತೂಗಾಡಿಸುವ ಬದಲು ಮುಂದೆ ಜಾಗ ಬಿಟ್ಟುಕೊಂಡು, ಪೂರ್ತಿ ಕ್ಲಚ್ ಬಿಟ್ಟು ಹೋಗಿ.

ಈಗ ಉಳಿದರ್ಧ. ಗಾಡಿ ಬೆಚ್ಚಗಿದ್ದಾಗ ಆಫ್ ಮಾಡಿ, ಐದು ನಿಮಿಷ ಬಿಟ್ಟು, ನೇರ ನಿಲ್ಲಿಸಿ ಆಯಿಲ್ ಗಾಜಿನ ಕಿಂಡಿ ನೋಡಿ. ಎರಡು ಗೀಟಿನ ನಡುವೆ ಇರಬೇಕು. ಸೈಡ್ ಸ್ಟ್ಯಾಂಡ್‌ನಲ್ಲಿ ನೋಡಿದರೆ ಲೆಕ್ಕ ತಪ್ಪು. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ, ಸಲೀಸಾಗಿ ಸುತ್ತುತ್ತದಾ ನೋಡಿ.

ಆಲ್ದೂರು ಸವಾರ:
ಆಯಿಲ್ ಸರಿಯಾಗಿದೆ. ಚಕ್ರ ಮಾತ್ರ ಅರ್ಧ ಸುತ್ತಿಗೇ ಗಕ್ಕನೆ ನಿಲ್ಲುತ್ತದೆ. ಒಂದು ರೌಂಡ್ ಹೋಗಿ ಬಂದೆ, ಬ್ರೇಕ್ ಜಾಸ್ತಿ ಒತ್ತಿರಲಿಲ್ಲ. ಆದರೂ ಹಿಂದಿನ ಡಿಸ್ಕ್ ಹತ್ತಿರ ಕೈ ತಂದರೆ ಹಬೆ ಹೊಡೆದ ಹಾಗಿದೆ.

ಹಾಸನದ ಸ್ಪ್ಯಾನರ್:
ಸಿಕ್ಕಿತು ನೋಡಿ. ಬ್ರೇಕ್ ಪ್ಯಾಡ್ ಡಿಸ್ಕ್‌ಗೆ ಸ್ವಲ್ಪ ಸವರುವುದು ಮಾಮೂಲಿ, ಹೀಗೆ ಹಿಡಿಯುವುದಲ್ಲ. ಬ್ರೇಕ್ ಎಳೆಯುತ್ತಿದ್ದರೆ ಎಂಜಿನ್ ಅಷ್ಟೂ ಹೆಚ್ಚು ದುಡಿಯಬೇಕು, ಏರಿನಲ್ಲಂತೂ ಕೇಳಲೇಬೇಡಿ. ಬ್ರೇಕ್ ಪೆಡಲ್‌ಗೆ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮುಂಚಿನ ಸ್ವಲ್ಪ ಸಡಿಲ) ಇದೆಯಾ, ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಪಿನ್ ಸಲೀಸಾಗಿ ಜಾರುತ್ತದಾ, ಚೈನ್ ಬಿಗಿ ಇದೆಯಾ, ಮೂರನ್ನೂ ನೋಡಲಿ. ವಾರಂಟಿಯಲ್ಲಿದೆ, ನೀವು ಬಿಚ್ಚಬೇಡಿ. ಶೋರೂಮ್‌ನಲ್ಲಿ ಅವರ ಕೈಯಲ್ಲೇ ಚಕ್ರ ತಿರುಗಿಸಿಸಿ, ಜಾಬ್ ಕಾರ್ಡ್‌ನಲ್ಲಿ "ಹಿಂದಿನ ಬ್ರೇಕ್ ಹಿಡಿಯುತ್ತಿದೆ" ಅಂತ ಬರೆಸಿ. ಬರೀ "ಬಿಸಿ" ಅಂತ ಬರೆಸಿದರೆ ತೊಳೆದು ಕೊಟ್ಟು ಕಳಿಸುತ್ತಾರೆ.