ಮಗ ರಾತ್ರಿ ಕಿರುಚಿ ಏಳುತ್ತಾನೆ, ಮಾವನಿಗೂ ಕೆಟ್ಟ ಕನಸು: ಎರಡೂ ಒಂದೆಯಾ?

ಉಡುಪಿ_ಅಮ್ಮ:
ಮಗನಿಗೆ ಆರು ವರ್ಷ. ಒಂಬತ್ತಕ್ಕೆ ಮಲಗಿದರೆ ಹತ್ತೂವರೆ ಸುಮಾರಿಗೆ ಕಿಟಾರನೆ ಕಿರುಚಿ ಎದ್ದು ಕೂರುತ್ತಾನೆ. ಕಣ್ಣು ಬಿಟ್ಟೇ ಇರುತ್ತದೆ, ಮೈಯೆಲ್ಲ ಬೆವರು, ಕರೆದರೆ ಗುರುತಿಲ್ಲ. ಬೆಳಿಗ್ಗೆ ಎಂತದೂ ನೆನಪಿಲ್ಲ. ಮಾವನಿಗೆ 64. ಅವರಿಗೆ ನಸುಕಿನ ನಾಲ್ಕರ ಮೇಲೆ ಯಾರೋ ಅಟ್ಟಿಸಿಕೊಂಡು ಬರುವ ಕನಸು, ಎದ್ದ ಮೇಲೆ ಪೂರ್ತಿ ಹೇಳುತ್ತಾರೆ. ಮೊನ್ನೆ ಕನಸಲ್ಲೇ ಕೈ ಬೀಸಿ ಸ್ಟೂಲಿನ ಮೇಲಿದ್ದ ನೀರಿನ ತಂಬಿಗೆ ಕೆಳಗೆ ಬಿತ್ತು. ಎರಡು ತಿಂಗಳ ಹಿಂದೆ ಬಿಪಿಗೆ ಮೆಟೊಪ್ರೊಲಾಲ್ ಸುರು ಮಾಡಿದ್ದಾರೆ. ಅತ್ತೆ ಇಬ್ಬರಿಗೂ ನೂಲು ಕಟ್ಟಿಸಿದ್ದಾರೆ. ಇನ್ನು ಎಂತ ಮಾಡಬೇಕು?

ತೆಂಕಪೇಟೆ:
ನೂಲು ಇರಲಿ, ಅದರಿಂದ ತೊಂದರೆಯಿಲ್ಲ. ನೀವು ಬರೆದ ಗಂಟೆಯಲ್ಲೇ ಉತ್ತರ ಉಂಟು. ಗಾಢ ನಿದ್ರೆ ಹೆಚ್ಚು ಇರುವುದು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ. ಮಗನದ್ದು ಆ ನಿದ್ರೆಯಿಂದ ಅರ್ಧಂಬರ್ಧ ಏಳುವುದು, ಕನಸೇ ಅಲ್ಲ. ಆದ್ದರಿಂದಲೇ ನೆನಪೂ ಇಲ್ಲ. ಅಲುಗಾಡಿಸಿ ಎಬ್ಬಿಸಬೇಡಿ, ಗಾಬರಿ ಜಾಸ್ತಿಯಾಗುತ್ತದೆ. ಬೀಳದಂತೆ ಬದಿಯಲ್ಲಿ ಕೂತರೆ ಸಾಕು, ಸಾಮಾನ್ಯವಾಗಿ ಕೆಲವು ನಿಮಿಷದಲ್ಲಿ ತಾನೇ ಮಲಗುತ್ತಾನೆ.

ನಿದ್ದೆಗೆಟ್ಟರೆ ಇದು ಹೆಚ್ಚು. ಬೆಳಗಿನವರೆಗೆ ಯಕ್ಷಗಾನ ಆಟ ಅಥವಾ ಭೂತಕೋಲ ನೋಡಿದ ಮರುದಿನ ಗಾಢ ನಿದ್ರೆ ಇನ್ನೂ ಆಳವಾಗುತ್ತದೆ, ಅದರ ನಡುವೆಯೇ ಕಿರುಚಾಟ. ಜ್ವರ, ತುಂಬಿದ ಮೂತ್ರಕೋಶವೂ ಕಾರಣ. ದಿನಾ ಒಂದೇ ಹೊತ್ತಿಗೆ ಬರುತ್ತಿದ್ದರೆ ಅದಕ್ಕೆ 15ರಿಂದ 30 ನಿಮಿಷ ಮೊದಲು, ಅಂದರೆ ಹತ್ತು ಹತ್ತೂಕಾಲಕ್ಕೆ, ಮೆಲ್ಲ ಎಬ್ಬಿಸಿ ಮತ್ತೆ ಮಲಗಿಸಿ. ಎರಡರಿಂದ ನಾಲ್ಕು ವಾರ ಬಿಡದೆ ಮಾಡಬೇಕು. ಗೊರಕೆ ಇದ್ದರೆ ಮಾತ್ರ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂದಿನ ಗಡ್ಡೆ) ತೋರಿಸಿ. ಉಳಿದಂತೆ ದೊಡ್ಡವನಾಗುವಾಗ ಸಾಮಾನ್ಯವಾಗಿ ಬಿಟ್ಟು ಹೋಗುತ್ತದೆ.

ಕಂಕನಾಡಿ_ಫಾರ್ಮಸಿ:
ಮಾವನದ್ದು ಬೇರೆ. ಕಣ್ಣುಗುಡ್ಡೆ ಓಡಾಡುವ ರೆಮ್ ನಿದ್ರೆ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ಬೆಳಗಾಗುತ್ತ ಬಂದಂತೆ ಉದ್ದವಾಗುತ್ತದೆ. ಆಗ ಮಿದುಳಿನ ಭಯದ ಭಾಗ ಜೋರು, ವಿವೇಚನೆಯ ಭಾಗ ಮಂಕು. ಹಾಗಾಗಿ ಕೆಟ್ಟ ಕನಸು ನಸುಕಿಗೇ ಜಾಸ್ತಿ. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಕೊಬ್ಬಿನಲ್ಲಿ ಕರಗುವ ಮಾತ್ರೆಗಳು, ಮಿದುಳಿಗೆ ಸುಲಭವಾಗಿ ಸೇರಿ ಕೆಲವರಿಗೆ ಇಂಥ ಕನಸು ತರುತ್ತವೆ. ಅದೇ ಗುಂಪಿನ ಅಟೆನೊಲಾಲ್ ಮಿದುಳಿಗೆ ಅಷ್ಟು ಸೇರುವುದಿಲ್ಲ. ಬರೆದುಕೊಟ್ಟ ಡಾಕ್ಟರರ ಹತ್ತಿರ ಬದಲಿ ಕೇಳಿ. ನೀವಾಗಿ ನಿಲ್ಲಿಸಬೇಡಿ: ಹಠಾತ್ ಬಿಟ್ಟರೆ ಬಿಪಿ ಏರುತ್ತದೆ, ಎದೆನೋವೂ ಬರಬಹುದು. ರಾತ್ರಿ ಕುಡಿಯುವ ಅಭ್ಯಾಸ ಇದ್ದರೆ ಅದನ್ನೂ ಹೇಳಿ. ಮದ್ಯ ಮೊದಲ ಹೊತ್ತಿನ ರೆಮ್ ನಿದ್ರೆ ಅದುಮಿ, ಇಳಿದ ಮೇಲೆ ನಸುಕಿಗೆ ಎಲ್ಲ ಒಟ್ಟಿಗೆ ತರುತ್ತದೆ.

ಮಾತ್ರೆ ಬದಲಿಸಿದರೂ ಅದೇ ಕನಸು ಬಂದರೆ ಹಗಲಲ್ಲಿ ಅದನ್ನು ಬರೆಸಿ, ಮುಂದಿನದ್ದನ್ನು ಅವರಿಗೆ ಬೇಕಾದ ಹಾಗೆ ಬದಲಿಸಲಿ: ಅಟ್ಟಿಸಿಕೊಂಡು ಬಂದವ ಪರಿಚಯದವನೇ ಆಗಿ ಕಟ್ಟೆಯಲ್ಲಿ ಕೂತು ಮಾತಾಡಲಿ. ಆ ಹೊಸ ಕನಸನ್ನು ಮಾತ್ರ ದಿನಾ 10ರಿಂದ 20 ನಿಮಿಷ ಕಣ್ಣುಮುಚ್ಚಿ ನೋಡಬೇಕು. ಹಳೆಯದನ್ನೇ ಮೆಲುಕು ಹಾಕುತ್ತ ಕೂತರೆ ಕೆಡುತ್ತದೆ. ಅಮೆರಿಕದ ನಿದ್ರಾ ತಜ್ಞ ಬ್ಯಾರಿ ಕ್ರಕೋವ್ ತಂಡ 2001ರಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಂಗಸರಲ್ಲಿ ಇದರ ಗುಣ ತೋರಿಸಿದೆ.

ಪಣಂಬೂರು_ನರ್ಸ್:
ಮೇಲಿನದ್ದೆಲ್ಲ ಸರಿ, ಆದರೆ ಆ ತಂಬಿಗೆಯನ್ನು ದಯವಿಟ್ಟು ಹಗುರ ಮಾಡಬೇಡಿ. ರೆಮ್ ನಿದ್ರೆಯಲ್ಲಿ ಕೈಕಾಲಿನ ಸ್ನಾಯು ಕಟ್ಟಿಹಾಕಿದಂತೆ ಇರಬೇಕು. ಕನಸಿನ ಹೊಡೆದಾಟ ಕೈಗೆ ಬಂದಿದೆ ಅಂದರೆ ಆ ಕಟ್ಟು ಸಡಿಲ. 50 ದಾಟಿದವರಲ್ಲಿ ಇದು ಮತ್ತೆ ಮತ್ತೆ ಆದರೆ ನರರೋಗ ತಜ್ಞರಿಗೆ ತೋರಿಸಲೇಬೇಕು, ಕೆಲವರಲ್ಲಿ ಪಾರ್ಕಿನ್ಸನ್ ಕಾಯಿಲೆಯ ವರ್ಷಗಳ ಮುನ್ಸೂಚನೆ ಇದು. ವಿಡಿಯೋ ಸಹಿತ ರಾತ್ರಿಯ ನಿದ್ರಾ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಹಾಸಿಗೆ ನೆಲದ ಮೇಲೆ, ಸ್ಟೂಲು, ಗಾಜು ದೂರ, ಅತ್ತೆ ಬೇರೆ ಹಾಸಿಗೆಯಲ್ಲಿ. ಮುಂದಿನ ಸಲ ಆದಾಗ ಫೋನಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ ಇಟ್ಟುಕೊಳ್ಳಿ.